ಗುಟ್ಟು ಯಾವುದು, ಹೇಳತಕ್ಕುದು ಯಾವುದು?

ಅರಸೀಕೆರೆಯ ತರುಣರೊಬ್ಬರು ಕಳೆದ ವಾರ ನಮ್ಮಲ್ಲಿಗೆ ಬಂದಿದ್ದರು. ಕೊಬ್ಬರಿ ಬೆಳೆಗಾರರಿಗಾಗಿ ಮೊಬೈಲಿನ ಆ್ಯಪ್ ಒಂದನ್ನು ಅವರು ಎಂಟು ತಿಂಗಳಿಂದ ರಚಿಸುತ್ತಿದ್ದಾರೆ. ಅದು ಹೊರಬರುವ ಮೊದಲು ಅದರ ಕಲ್ಪನೆಯನ್ನು ಪರರಿಗೆ ತಿಳಿಸಬಹುದೆ, ಕೂಡದೆ ಎಂಬುದು ಅವರ ಪ್ರಶ್ನೆ. ಬೆಂಗಳೂರಿನ ಹಣವಂತರು ಕದ್ದಾರೆಂಬ ಭಯದಿಂದ ಮನೆಯವರೊಡನೆಯೂ ಅವರು ಬಾಯಿ ಬಿಟ್ಟಿಲ್ಲವಂತೆ.

ಈ ಭಯವು ನಿರಾಧಾರವೆಂದು ನಾವು ಹೇಳಲಾರೆವು. 1957ರ ಕೃತಿಸ್ವಾಮ್ಯದ ಕಾಯಿದೆಯು ಬರೆದಿಟ್ಟ ಪ್ರೋಗ್ರಾಮನ್ನು ರಕ್ಷಿಸುವುದೇ ಹೊರತು ಅದರ ಹಿಂದಿನ ಬರಿಯ ಕಲ್ಪನೆಯನ್ನಲ್ಲ. ಆರ್. ಜಿ. ಆನಂದರ ನಾಟಕದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಪೇಟೆಂಟಿನ ಕಾಯಿದೆಯಾದರೋ ಕೇವಲ ಕಂಪ್ಯೂಟರ್ ಪ್ರೋಗ್ರಾಮನ್ನು ಆವಿಷ್ಕಾರವೆಂದು ಎಣಿಸುವುದೇ ಇಲ್ಲ. ಪೇಟೆಂಟಿಗೆ ಅರ್ಹವಾದ ಹೊಸ ಕೌಶಲವೇನಾದರೂ ಇದ್ದಲ್ಲಿ, ಅರ್ಜಿ ಸಲ್ಲಿಸುವ ಮುನ್ನ ಅದನ್ನು ಬಹಿರಂಗಪಡಿಸಿದವನು ತನ್ನ ಹಕ್ಕನ್ನು ತಾನೇ ಕಳೆದುಕೊಂಡಾನು. ಅಷ್ಟನ್ನು ಮುಚ್ಚಿಡುವುದು ವಿವೇಕ.

ಆದರೆ ಆ ತರುಣರು ಮುಚ್ಚಿಟ್ಟಿದ್ದು ಇದನ್ನಲ್ಲ. ಅವರ ಆ್ಯಪ್ ದಿನದಿನದ ಧಾರಣೆಯನ್ನು ತಿಳಿಸುತ್ತದೆ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಯ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗುತ್ತದೆ. ಇಂದಿನ ಧಾರಣೆಯು ಊರಿನಲ್ಲೆಲ್ಲ ಎಲ್ಲರ ಬಾಯಲ್ಲಿಯೂ ಇದೆ. ಕಾಯನ್ನು ಈಗ ಇಳಿಸಿ ಒಡೆಯುವುದೋ, ಇನ್ನೊಂದು ತಿಂಗಳು ಕಾಯುವುದೋ ಎಂಬುದೇ ರೈತನ ನಿದ್ದೆಗೆಡಿಸುವ ಚಿಂತೆ. ಯಾವ ಜಗಲಿಯಲ್ಲಾದರೂ ಒಂದು ಸಂಜೆ ಕುಳಿತು ಕೇಳಿದ್ದರೆ ತಿಳಿಯುತ್ತಿದ್ದ ಮಾತಿದು. ಹೀಗೆ ತಿದ್ದಿ ಹೇಳುವ ರೈತನಿಗೆ ಪ್ರೋಗ್ರಾಮನ್ನು ಕದಿಯುವ ಪುರುಸೊತ್ತಾಗಲಿ ವಿದ್ಯೆಯಾಗಲಿ ಇಲ್ಲ!

ಕಲ್ಪನೆಯೇ ಸರ್ವಸ್ವವೆಂಬ ಭ್ರಮೆಯನ್ನು ಬಿಡಿಸಲು ಸಮೀಪದ ಬೇಲೂರೇ ಸಾಕು. ಕನ್ನಡಿ ನೋಡಿಕೊಳ್ಳುವ ಹೆಣ್ಣು ಅಲ್ಲಿನ ಶಿಲ್ಪಿಯೊಬ್ಬನ ಸೊತ್ತಲ್ಲ. ಭಾರತದ ಬೇರೆ ದೇಗುಲಗಳಲ್ಲಿಯೂ ಆಕೆ ಇದ್ದಾಳೆ. ಆದರೂ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೆತ್ತನೆಗಳಲ್ಲಿ ಧೈರ್ಯವಾಗಿ ಹೆಸರನ್ನು ಕೊರೆದರು. ಹಳೇಬೀಡಿನಲ್ಲಿಯೂ ಇಂಥ ರುಜುಗಳಿವೆ. ನಮ್ಮ ಕಾಲದಲ್ಲಿಯೇ ಕೆ. ಪಿ. ರಾಯರು ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಸರ್ಕಾರವು ಅದನ್ನು ಪ್ರಮಾಣವೆಂದು ಅಂಗೀಕರಿಸಿತು. 'ನುಡಿ'ಯೂ ಅದನ್ನೇ ಅನುಸರಿಸಿತು.

ಹಣ ಹೂಡುವವರ ವಿಷಯ ಬೇರೆ. ಅವರಿಗೆ ಒಳವಿವರವನ್ನು ತೋರಿಸುವ ಮುನ್ನ ಗೋಪ್ಯತೆಯ ಕರಾರನ್ನು ಬರೆಸಿಕೊಳ್ಳತಕ್ಕುದು. ರುಜು ಹಾಕಲು ಒಲ್ಲದವರಿಗೆ ಆ್ಯಪ್ ಮಾಡುವ ಕೆಲಸವನ್ನಷ್ಟೇ ತೋರಿಸಬೇಕು, ಮಾಡುವ ಬಗೆಯನ್ನಲ್ಲ. ಬಲ್ಲವರ ಬೆಂಬಲವಿಲ್ಲದ ಹಳ್ಳಿಯ ಹುಡುಗನು ಇದನ್ನು ಬಾಯಿಬಿಟ್ಟು ಕೇಳಲು ಹಿಂಜರಿಯುವನು. ಆದುದರಿಂದ ಸಾರ್ವಜನಿಕ ದ್ರವ್ಯದಿಂದ ನಡೆಯುವ ಸ್ಪರ್ಧೆಗಳಲ್ಲಿಯಾದರೂ ವಾಗ್ದಾನವು ಮೊದಲು, ವಿವರವು ಅನಂತರ ಎಂಬ ಕ್ರಮವು ಇರಲೇಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಆ ತರುಣರು ಈ ವಾರ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಿ ರೈತರನ್ನು ಕಾಣುವುದಾಗಿ ಒಪ್ಪಿದ್ದಾರೆ. ಪ್ರೋಗ್ರಾಮಿನ ಪ್ರತಿಯನ್ನು ಮಾತ್ರ ಮನೆಯಲ್ಲಿಟ್ಟು ಹೋಗಲಿ.