ಬದಲಿಸಬೇಕಾದ ಭಾಗ ಕೈಗೆ ಸಿಗಬೇಡವೇ?

ಪಿಕಪ್ ಈಗ ನಮ್ಮಲ್ಲಿ ಶೋಕಿಯ ವಸ್ತುವಲ್ಲ. ಅಡಿಕೆ ಪೇಟೆಗೆ ಹೋಗುವುದು, ಹಿಂಡಿ ಮನೆಗೆ ಬರುವುದು, ಗೊಬ್ಬರ ತೋಟಕ್ಕೆ ಇಳಿಯುವುದು ಎಲ್ಲ ಅದರಲ್ಲೇ. ಅದು ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ಗಾಡಿ ಹಿಡಿಯಬೇಕು. ಕೊಯ್ಲಿನ ಸಮಯವಾದರೆ ಅದೂ ಸಿಗುವುದಿಲ್ಲ. ಹಾಗಾಗಿ ಪಿಕಪ್ಪಿನ ರಿಪೇರಿಯೂ ಕೃಷಿಯ ವಿಷಯವೇ ಅಂತ ನನ್ನ ವಾದ. ಈಗ ಹೇಳಹೊರಟಿರುವುದು ಅದರ ಆಕ್ಸಿಜನ್ ಸೆನ್ಸರಿನ ಬಗ್ಗೆ.

ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಲ್ಲಿ ಇದು ಇರುತ್ತದೆ. ನೋಡಲು ಸ್ಪಾರ್ಕ್ ಪ್ಲಗ್ಗಿನ ಅಣ್ಣನ ಹಾಗೆ. ಹಿಂದಿನಿಂದ ಸಾಮಾನ್ಯವಾಗಿ ನಾಲ್ಕು ವಯರು. ಎಂಜಿನಿನಿಂದ ಹೊರಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಇದರ ಕೆಲಸ. ಅದರ ಮೇಲೆ ಪೆಟ್ರೋಲ್ ಹೆಚ್ಚು ಬಿಡಬೇಕೋ ಕಡಿಮೆ ಬಿಡಬೇಕೋ ನಿರ್ಧಾರವಾಗುತ್ತದೆ. ಸುಮಾರು 300 ಡಿಗ್ರಿ ಬಿಸಿಯಾಗದೆ ಇದು ಸರಿಯಾಗಿ ಕೆಲಸ ಮಾಡದು, ಅದಕ್ಕೇ ಒಳಗೊಂದು ಹೀಟರ್ ಕೂಡ ಇದೆ. ಇಂಥವು ಎರಡು: ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲೊಂದು, ನಂತರ ಒಂದು. ಮೊದಲಿನದು ಪೆಟ್ರೋಲಿನ ಲೆಕ್ಕಕ್ಕೆ, ಎರಡನೆಯದು ಕನ್ವರ್ಟರ್ ಸರಿಯಿದೆಯೇ ಎಂದು ನೋಡಲಿಕ್ಕೆ. (ಡೀಸೆಲ್ ಪಿಕಪ್ಪಿನವರಿಗೆ ಬೇರೆಯೇ ಸೆನ್ಸರುಗಳಿವೆ. ಅವರ ಕಷ್ಟ ಇನ್ನೊಂದು ಲೇಖನದಷ್ಟಿದೆ.)

ಸೆನ್ಸರ್ ಬೇಡವೇ ಬೇಡ ಎಂದು ಹೇಳುವವನಲ್ಲ ನಾನು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಿದೆ, ಹೊಗೆ ಕಡಿಮೆಯಾಗಿದೆ, ಒಳ್ಳೆಯದೇ. ಆದರೆ ಈ ಸೆನ್ಸರ್ ಗಾಡಿಯ ಆಯುಷ್ಯದುದ್ದಕ್ಕೂ ಬಾಳುವ ವಸ್ತುವಲ್ಲ. ಲಕ್ಷ ಕಿಲೋಮೀಟರ್ ದಾಟಿಯೂ ಓಡಬಹುದು, ಎಂಜಿನ್ ಆಯಿಲ್ ಸುಡುತ್ತಿದ್ದರೆ ಬೇಗನೆ ಹೋಗಬಹುದು. ಸವೆಯುವ ವಸ್ತು ಅಂತ ತಯಾರಿಸಿದವರಿಗೂ ಗೊತ್ತು. ಹಾಗಿದ್ದ ಮೇಲೆ ಅದನ್ನು ಬಿಚ್ಚಲು ಒಬ್ಬ ಮನುಷ್ಯನ ಕೈ ಹೋಗಬೇಕಲ್ಲವೇ?

ನಮ್ಮ ಮನೆಯದು ಪೆಟ್ರೋಲಿನ ಸಣ್ಣ ಪಿಕಪ್. ಕಂಪೆನಿಯ ಹೆಸರು ಬೇಡ, ಬೇರೆಯವೂ ಹೆಚ್ಚುಕಮ್ಮಿ ಹೀಗೇ ಅಂತ ಗ್ಯಾರೇಜಿನವರು ಹೇಳುತ್ತಾರೆ. ಎಂಜಿನ್ ಸೀಟಿನ ಅಡಿಯಲ್ಲಿದೆ. ಎರಡನೆಯ ಸೆನ್ಸರ್ ಪರವಾಗಿಲ್ಲ, ಗಾಡಿಯ ಅಡಿ ಮಲಗಿದರೆ ಸಿಗುತ್ತದೆ. ಮೊದಲನೆಯದು ಮಾತ್ರ ಎಂಜಿನಿಗೂ ಚಾಸಿಗೂ ನಡುವಿನ ಸಂದಿಯಲ್ಲಿ, ಮೇಲಿನಿಂದ ತಗಡಿನ ಮುಚ್ಚಳ ಬೇರೆ. ಸೀಟು ತೆಗೆದರೆ ಕಣ್ಣಿಗೆ ಕಾಣುತ್ತದೆ, ಕೈ ಹೋಗುವುದಿಲ್ಲ. ಅಡಿಯಿಂದ ಕೈ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ! ತಗಡಿನ ಬೋಲ್ಟುಗಳು ನಮ್ಮ ಮಳೆ, ಕೆಸರಿಗೆ ತುಕ್ಕು ಹಿಡಿದು ಒಂದು ಮುರಿದೇ ಹೋಯಿತು. ಹೊಸ ಸೆನ್ಸರ್ ಕೂರಿಸಿದ್ದು ಹತ್ತು ನಿಮಿಷದಲ್ಲಿ, ಹಳೆಯದನ್ನು ತೆಗೆಯಲು ಹಿಡಿದದ್ದು ಒಂದೂವರೆ ದಿನ. ಬಿಲ್ಲಿನಲ್ಲಿ ವಸ್ತುವಿನ ಬೆಲೆಗಿಂತ ಕೂಲಿ ಹೆಚ್ಚು. ಮೆಕ್ಯಾನಿಕರನ್ನು ದೂರಲಾರೆ, ಅವರ ಮೊಣಕೈಯ ಚರ್ಮ ಹೋದದ್ದನ್ನು ಕಂಡಿದ್ದೇನೆ.

ಎಂಜಿನಿಯರುಗಳಿಗೂ ಅವರ ಕಾರಣವಿದೆ. ಸೆನ್ಸರ್ ಬೇಗ ಬಿಸಿಯಾಗಬೇಕಾದರೆ ಎಂಜಿನಿನ ಹತ್ತಿರವೇ ಇರಬೇಕು, ಬೇಕಾದಲ್ಲಿ ಇಡಲಿಕ್ಕಾಗದು. ಒಪ್ಪುವ ಮಾತು. ಆದರೆ ತಗಡಿನಲ್ಲಿ ಒಂದು ಕಿಟಕಿ ಕೊರೆಯಲು ಏನು ಅಡ್ಡಿ? ವಯರಿನ ಕಪ್ಲರನ್ನು ಕೈಗೆ ಸಿಗುವಲ್ಲಿಗೆ ತರಲು ಏನು ಕಷ್ಟ? ನಮ್ಮ ಪವರ್ ಟಿಲ್ಲರನ್ನೇ ನೋಡಿ. ದಿನಾ ಮುಟ್ಟುವ ಭಾಗವೆಲ್ಲ ಎದುರಿಗೇ ಇದೆ, ರೈತ ಗದ್ದೆಯ ಹುಣಿಯಲ್ಲೇ ಬಿಚ್ಚಿ ಕಟ್ಟುತ್ತಾನೆ. ಪಿಕಪ್ಪಿನವರು ಗಾಡಿ ಜೋಡಿಸುವಾಗ ಮಾತ್ರ ಯೋಚಿಸಿದ್ದಾರೆ, ಬಿಚ್ಚುವವನನ್ನು ನೆನೆಸಿಲ್ಲ.

ಇನ್ನೊಂದು ವಿಷಯ. ತಲುಪುವುದು ಕಷ್ಟವಾದ್ದರಿಂದಲೇ ಅನಾವಶ್ಯಕವಾಗಿ ಬಿಚ್ಚುವುದು ನಮಗೆ ದುಬಾರಿ. ಎಂಜಿನ್ ಲೈಟ್ ಉರಿದ ಕೂಡಲೇ "ಸೆನ್ಸರ್ ಹೋಗಿದೆ, ಹೊಸದು ಹಾಕುವಾ" ಎಂದರೆ ತಲೆಯಾಡಿಸಬೇಡಿ. ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂತು ಅಂತ ಕೇಳಿ ಬರೆದುಕೊಳ್ಳಿ. ಪಿ 0135 ಎಂದರೆ ಮೊದಲ ಸೆನ್ಸರಿನ ಹೀಟರ್ ಸರ್ಕೀಟು, ಪಿ 0141 ಎಂದರೆ ಎರಡನೆಯದರದ್ದು. ಸರ್ಕೀಟು ಎಂದ ಮೇಲೆ ಫ್ಯೂಸೂ ಆಗಿರಬಹುದು, ವಯರೂ ಆಗಿರಬಹುದು. ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ವಯರನ್ನು ಇಲಿ ಕಡಿಯುವುದು ನಮಗೇನು ಹೊಸತೇ? ಕಪ್ಲರ್ ಬಿಚ್ಚಿ ಮೀಟರ್ ಹಿಡಿದರೆ ಹೀಟರ್ ಕೆಲವು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸೆನ್ಸರ್ ಸತ್ತಿದೆ. ಪಿ 0171 ಬಂದರೆ ಗಾಳಿ ಹೆಚ್ಚು ಎಂಬ ಸೂಚನೆ. ಅಲ್ಲಿ ಸೆನ್ಸರ್ ಹೆಚ್ಚಾಗಿ ನಿಜವನ್ನೇ ಹೇಳುತ್ತಿರುತ್ತದೆ, ಒಡೆದದ್ದು ಯಾವುದೋ ರಬ್ಬರ್ ಪೈಪು. ದೂರು ತಂದವನನ್ನೇ ಹೊರಗೆ ಹಾಕಿದರೆ ರೋಗ ಹೋಗುತ್ತದೆಯೇ? ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರುಗಳು ಈಗ ಸಿಗುತ್ತವೆ, ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಳ್ಳಬಹುದು.

ಬದಲಿಸಲೇಬೇಕಾದರೆ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಡಬೇಕು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಥ್ರೆಡ್ ಸುಲಭದಲ್ಲಿ ಸಡಿಲುತ್ತದೆ, ಕೆಂಪಗೆ ಕಾದಿರುವಾಗ ಕೈ ಹಾಕಬಾರದು. ವಯರು ಹೊರಬರಲು ಪಕ್ಕ ಸೀಳಿರುವ 22 ಮಿ.ಮೀ. ಸಾಕೆಟ್ ಇದಕ್ಕೆಂದೇ ಇದೆ. ಅದು ಗ್ಯಾರೇಜಿನಲ್ಲಿ ಇದೆಯೇ ಅಂತ ಮೊದಲೇ ಕೇಳಿ. ಸಾಧಾರಣ ಸ್ಪಾನರಿನಲ್ಲಿ ಮೂಲೆ ಸವೆದರೆ ಮತ್ತೆ ಇಡೀ ಮೆನಿಫೋಲ್ಡ್ ಇಳಿಸಬೇಕಾದೀತು. ಹೊಸದರ ತುದಿಗೆ ಎಣ್ಣೆ, ಗ್ರೀಸ್ ತಾಗಬಾರದು. ಸಿಲಿಕಾನ್ ಅಂಟಂತೂ ಹತ್ತಿರ ಸುಳಿಯಬಾರದು, ಸೆನ್ಸರಿಗೆ ಅದು ವಿಷ. ಹಳೆಯದನ್ನು ಕೇಳಿ ಮನೆಗೆ ತನ್ನಿ. ಲೈಟ್ ಉರಿಯದ ಹಾಗೆ "ಬೈಪಾಸ್" ಮಾಡಿಕೊಡುತ್ತೇನೆ ಎನ್ನುವವರೂ ಇದ್ದಾರೆ. ಬೇಡ ಮಾರಾಯರೇ. ಮೊದಲ ಸೆನ್ಸರ್ ಕೆಟ್ಟು ಪೆಟ್ರೋಲ್ ಹೆಚ್ಚು ಸುರಿಯುತ್ತಿದ್ದರೆ ಕೊನೆಗೆ ಕನ್ವರ್ಟರೇ ಸುಟ್ಟುಹೋಗಬಹುದು. ಅದರ ಬೆಲೆ ಕೇಳಿದರೆ ಸೆನ್ಸರ್ ಅಗ್ಗ ಅನಿಸುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಇವೆ, ವಾಹನಗಳೂ ಇವೆ. ಅದೇ ವರ್ಷ ಡಿಸೆಂಬರ್ 24ರಂದು ಒಂದು ಜಾಲತಾಣವೂ ಶುರುವಾಯಿತು. ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು ಎಂಬುದೆಲ್ಲ ಅಲ್ಲಿ ಬರುವ ಮಾತು. ಸರಿಯೇ. ಆದರೆ ಭಾಗ ಅಂಗಡಿಯಲ್ಲಿ ಸಿಕ್ಕಿಯೂ ಗಾಡಿಯೊಳಗೆ ಕೈಗೆ ಸಿಗದಿದ್ದರೆ ಆ ಹಕ್ಕು ನಮ್ಮ ಪಾಲಿಗೆ ಅರ್ಧವೇ. ಇಂತಿಂಥ ಭಾಗ ಬದಲಿಸಲು ಇಷ್ಟು ಗಂಟೆ ಎಂದು ಮಾರುವಾಗಲೇ ಬರೆದುಕೊಡುವಂತಾಗಬೇಕು. ಕೊಳ್ಳುವವನು ಮೈಲೇಜ್ ಕೇಳುತ್ತಾನೆ, ಎಷ್ಟು ಕ್ವಿಂಟಾಲ್ ಹೊರುತ್ತದೆ ಕೇಳುತ್ತಾನೆ. ಇದನ್ನೂ ಕೇಳುವ ಹಾಗಾದರೆ ಕಂಪೆನಿಯವರು ತಗಡಿಗೆ ಕಿಟಕಿ ಕೊರೆದಾರು.

ಅಲ್ಲಿಯವರೆಗೆ ಹೊಸ ಪಿಕಪ್ ತೆಗೆಯುವವರು ಶೋರೂಮಿಗೆ ಹಳೆಯ ಅಂಗಿ ಹಾಕಿಕೊಂಡು ಹೋಗಿ. ಅಡಿಗೆ ಮಲಗಿ ಎರಡು ಸೆನ್ಸರೂ ಎಲ್ಲಿದೆ ನೋಡಿ, ಕೈ ಹಾಕಿ ನೋಡಿ. ಈಗಾಗಲೇ ಪೆಟ್ರೋಲ್ ಪಿಕಪ್ ಇರುವವರು ನಿಮ್ಮ ಮಾದರಿಯಲ್ಲಿ ಸೆನ್ಸರ್ ಎಲ್ಲಿದೆ, ಬದಲಿಸಲು ಎಷ್ಟು ಹೊತ್ತು ಹಿಡಿಯಿತು, ಕೂಲಿ ಎಷ್ಟಾಯಿತು ಎಂದು ಪತ್ರಿಕೆಗೆ ಒಂದು ಕಾರ್ಡ್ ಬರೆಯಿರಿ. ಹತ್ತು ಮಾದರಿಯ ವಿವರ ಒಟ್ಟಾದರೆ ಮುಂದೆ ಗಾಡಿ ಕೊಳ್ಳುವವರಿಗೆ ಒಂದು ಪಟ್ಟಿ ಮಾಡಿ ಕೊಡಬಹುದು.