ಫೋನ್ ಅವರ ಕೈಯಲ್ಲೇ ಇರಲಿ

"ಕೊಡಿ ಇಲ್ಲಿ, ನಾನು ಮಾಡಿಕೊಡ್ತೇನೆ." ಹಿರಿಯರ ಫೋನಿಗೆ ಏನಾದರೂ ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ಮೊದಲು ಹೇಳುವ ಮಾತು ಇದು. ಹೇಳಿ ಮುಗಿಸುವಷ್ಟರಲ್ಲಿ ಫೋನ್ ಉಮ್ಮನ ಕೈಯಿಂದ ನಮ್ಮ ಕೈಗೆ ಬಂದಿರುತ್ತದೆ. ಹೆಬ್ಬೆರಳು ನಾಲ್ಕು ಕಡೆ ಓಡುತ್ತದೆ. "ಆಯ್ತು, ಹಿಡ್ಕೊಳ್ಳಿ" ಅನ್ನುತ್ತೇವೆ. ಏನಾಗಿತ್ತು, ಏನು ಮಾಡಿದೆವು ಎಂದು ಅವರಿಗೆ ಗೊತ್ತಿಲ್ಲ. ಹತ್ತು ದಿನ ಬಿಟ್ಟು ಕೇಳಿದರೆ ನಮಗೂ ನೆನಪಿರುವುದಿಲ್ಲ. ಇದಕ್ಕೆ ಸಹಾಯ ಎಂದು ಹೆಸರಿಟ್ಟಿದ್ದೇವೆ. ನಾನು ಇದನ್ನು ಉಪದ್ರ ಅಂತ ಕರೆಯುತ್ತೇನೆ. ಹೇಳುತ್ತಿರುವವನು ಹತ್ತು ವರ್ಷ ಇದೇ ಉಪದ್ರ ಮಾಡಿದವನು.

ನನ್ನ ಉಪ್ಪ ಬಂಟ್ವಾಳದ ಕಡೆಯಿಂದ ಹೋಗಿ ಮಹಾರಾಷ್ಟ್ರದ ಉಮರ್ಗಾದಲ್ಲಿ ಅಂಗಡಿ ಇಟ್ಟವರು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಊರು ಅದು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸ್ವಲ್ಪ ದಿನ ಅಲ್ಲಿ ಇಲ್ಲಿ ದುಡಿದು, ಉಪ್ಪ ತೀರಿಕೊಂಡ ಮೇಲೆ ಅದೇ ಗಲ್ಲಾದಲ್ಲಿ ಕೂತವನು. ಟೋಸ್ಟ್, ಖಾರಿ ಕಟ್ಟಿಕೊಂಡು ವಾರಕ್ಕೊಮ್ಮೆ ನಿಲಂಗಾ, ಉದಗೀರದ ಅಂಗಡಿಗಳಿಗೆ ಲೈನ್ ಹೋಗುತ್ತೇನೆ. ರೀಚಾರ್ಜ್ ಮಾಡಿಕೊಡುತ್ತೇನೆ ಎಂಬ ಒಂದೇ ಕಾರಣಕ್ಕೆ ಈ ಮೂರೂ ಊರುಗಳಲ್ಲಿ ಫೋನಿನ ಸಕಲ ರೋಗಕ್ಕೂ ನಾನೇ ಡಾಕ್ಟರ್.

ಇಲ್ಲಿಯ ಗಡಿ ಹಳ್ಳಿಗಳ ಬಹಳ ಮನೆಗಳಲ್ಲಿ ಮಾತು ಕನ್ನಡ. ಶಾಲೆಯಲ್ಲಿ ಕಲಿತದ್ದು ಮರಾಠಿ. ಪೇಟೆಗೆ ಬಂದರೆ ದಖ್ಖನಿಯೂ ಬರುತ್ತದೆ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದ ಊರುಗಳು. ಮೂರು ಭಾಷೆ ಆಡುವ ಮನುಷ್ಯನ ಕೈಗೆ ಬರುವ ಫೋನ್ ಮಾತ್ರ ಅವನಿಗೆ ಬಾರದ ನಾಲ್ಕನೆಯದರಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ಡಬ್ಬಿ ಒಡೆದು ಸೆಟ್ ಮಾಡಿಕೊಡುವವನಾಗಲಿ, ಮಗನಾಗಲಿ ಯಾವ ಭಾಷೆ ಬೇಕು ಎಂದು ಕೇಳಿರುವುದಿಲ್ಲ.

ಒಬ್ಬ ರೈತ ಕಾಕಾನ ವಿಷಯ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ಇ-ಪೀಕ್ ಪಾಹಣಿ ಎಂಬ ಆ್ಯಪ್ ಇದೆ. ಯಾವ ಹೊಲದಲ್ಲಿ ಯಾವ ಬೆಳೆ ಎಂದು ಮೊದಲು ತಲಾಠಿ ಬರೆಯುತ್ತಿದ್ದ. ಈಗ ರೈತನೇ ಬೆಳೆಯ ಮುಂದೆ ನಿಂತು ಫೋಟೊ ತೆಗೆದು ಏರಿಸಬೇಕು. ಅದು ಸಾತ್‌ಬಾರಾದಲ್ಲಿ, ಅಂದರೆ ನಮ್ಮ ಕಡೆಯ ಆರ್‌ಟಿಸಿಯಂಥ ಕಾಗದದಲ್ಲಿ, ಸೇರುತ್ತದೆ. ಬೆಳೆ ಹಾಳಾಗಿ ಪರಿಹಾರ ಕೇಳುವಾಗ, ಬೆಂಬಲ ಬೆಲೆಗೆ ಮಾರುವಾಗ ಈ ನಮೂದು ಬೇಕು. 2025ರ ಸೆಪ್ಟೆಂಬರಿನ ಮಳೆಗೆ ಮರಾಠವಾಡಾದ ಹೊಲಗಳು ಹೇಗೆ ಮುಳುಗಿದವು ಎಂದು ನೀವು ಟಿವಿಯಲ್ಲಿ ನೋಡಿರಬಹುದು. ಇದು ಆಟದ ಆ್ಯಪ್ ಅಲ್ಲ.

"ತಮ್ಮಾ, ಆ್ಯಪ್ ನಡೀವಲ್ದು ನೋಡು" ಎಂದು ಕಾಕಾ ಬಂದರು. ಎರಡು ರೋಗ. ಗುಡ್ ಮಾರ್ನಿಂಗ್ ವಿಡಿಯೊಗಳಿಂದ ಫೋನಿನ ಜಾಗವೆಲ್ಲ ತುಂಬಿತ್ತು. ಆ್ಯಪ್ ಲೊಕೇಶನ್ ಕೇಳಿದಾಗ ಹೆದರಿ "ಬೇಡ" ಎಂದು ಒತ್ತಿದ್ದರು. ನಾನು ಫೋನ್ ತಗೊಂಡು ಎರಡು ನಿಮಿಷದಲ್ಲಿ ಸರಿ ಮಾಡಿ ಕೊಟ್ಟೆ. ಚಹಾ ಕುಡಿಸಿ ಹೋದರು. ಅದು ಸೋಯಾಬೀನಿನ ಕಾಲ. ಕಡಲೆಯ ಕಾಲಕ್ಕೆ ಮತ್ತೆ ಅದೇ ಫೋನ್, ಅದೇ ರೋಗ. ಮರುವರ್ಷ ಮತ್ತೆ. ನಾನು ಅವರ ಹೊಲದಲ್ಲಿ ಹೋಗಿ ನಿಲ್ಲಲು ಆಗುತ್ತದೆಯೇ? ಆ ಆ್ಯಪ್ ಕೇಳುವುದೇ ಹೊಲದಲ್ಲಿ ನಿಂತ ಮನುಷ್ಯನನ್ನು. ಅಲ್ಲಿ ಅವರ ಜೊತೆ ಯಾರೂ ಇರುವುದಿಲ್ಲ.

ಡಿಪ್ಲೊಮಾ ಓದುವಾಗ ನಮಗೆ ಲೇಥ್ ಕಲಿಸಿದ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಜಾಬ್ ಹಾಳಾಗುತ್ತಿದ್ದರೂ ಹ್ಯಾಂಡಲ್ ಮುಟ್ಟುತ್ತಿರಲಿಲ್ಲ. "ಹಿಂದೆ ತಿರುಗಿಸು" ಎಂದು ಬಾಯಲ್ಲಿ ಹೇಳುತ್ತಿದ್ದರು, ಅಷ್ಟೇ. ಮೂರನೆಯ ಸಲ ಕಾಕಾ ಬಂದಾಗ ನಾನೂ ಕೈ ಹಿಂದೆ ಕಟ್ಟಿದೆ. ಮೊದಲು ಅವರಿಂದಲೇ ಭಾಷೆ ಮರಾಠಿಗೆ ಬದಲಾಯಿಸಿದೆವು. ಸೆಟ್ಟಿಂಗ್ಸ್‌ನ ಚಿತ್ರ ಗೇರಿನ ಚಕ್ರ. ಟ್ರ್ಯಾಕ್ಟರ್ ಓಡಿಸುವವರಿಗೆ ಅದನ್ನು ಹುಡುಕಲು ಕಷ್ಟವೇನೂ ಆಗಲಿಲ್ಲ. ಅದರೊಳಗೆ ಆ್ಯಪ್‌ಗಳು, ಪಾಹಣಿ ಆ್ಯಪ್, ಅದರ ಪರ್ಮಿಷನ್, ಲೊಕೇಶನ್, "ಆ್ಯಪ್ ಬಳಸುವಾಗ ಮಾತ್ರ". ಆಮೇಲೆ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ, ದೊಡ್ಡ ವಿಡಿಯೊಗಳನ್ನು ಅಳಿಸಿ, ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದ್ದು. ಒಂದೊಂದನ್ನೂ ಅವರೇ ಒತ್ತಿದರು. ತಪ್ಪಾದಾಗ ಹಿಂದೆ ಬರುವುದೂ ಅವರದೇ. ಬಿಲ್ ಪುಸ್ತಕದ ಹಿಂದೆ ಚಿತ್ರ ಬರೆದುಕೊಟ್ಟೆ. ಅರ್ಧ ಗಂಟೆ ಹೋಯಿತು. ಮುಂದಿನ ಹಂಗಾಮಿಗೆ ಆ ಕೆಲಸಕ್ಕೆ ಅವರು ಬರಲಿಲ್ಲ. ಟಾರ್ಚ್ ಆರಿಸುವುದು ಹೇಗೆ ಎಂದು ಕೇಳಲು ಬಂದರು, ಅದು ಬೇರೆ ವಿಷಯ.

(ಕನ್ನಡಕ್ಕೆ ಬದಲಾಯಿಸಿದರೆ ಇನ್ನೊಂದು ತೊಂದರೆ ಇದೆ. ಸ್ಟೋರೇಜ್ ಎಂಬುದು "ಸಂಗ್ರಹಣೆ" ಆಗುತ್ತದೆ. ಯಾರ ಮನೆಯಲ್ಲಿ ಹಾಗೆ ಹೇಳುತ್ತಾರೆ? "ಜಾಗ" ಎಂದಿದ್ದರೆ ಸಾಕಿತ್ತು. ಆದರೂ ಬಾರದ ಇಂಗ್ಲಿಷಿಗಿಂತ ಓದಲು ಬರುವ ಕಷ್ಟದ ಕನ್ನಡ ವಾಸಿ.)

ಇನ್ನು ಹೆಂಗಸರ ಕಷ್ಟ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಲಾಡ್ಕಿ ಬಹೀಣ ಯೋಜನೆ ತಂದಿತು, ತಿಂಗಳಿಗೆ 1,500 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಮಾಡಿಸಿ ಎಂದರು. ಅವಳ ಆಧಾರ್‌ಗೂ ಓಟಿಪಿ, ಗಂಡ ಅಥವಾ ತಂದೆಯ ಆಧಾರ್‌ಗೂ ಓಟಿಪಿ. ಓಟಿಪಿ ಹೋಗುವುದು ಕೈಯಲ್ಲಿರುವ ಫೋನಿಗೆ ಅಲ್ಲ, ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರ್ ಯಾವುದೋ ಕಾಲದಲ್ಲಿ ಮಗ ಕೊಟ್ಟದ್ದು. ಮಗ ಪುಣೆಯಲ್ಲಿ. ಇಲ್ಲವೇ ರೀಚಾರ್ಜ್ ಮಾಡದೆ ಸತ್ತುಹೋದ ಸಿಮ್. ಉದಗೀರದಲ್ಲಿ ಒಬ್ಬ ಆಜಿ ತನ್ನ ಫೋನನ್ನೇ ನನ್ನ ಮುಂದೆ ಹಿಡಿದು, "ಇದರಾಗ ಯಾಕ ಬರವಲ್ದು?" ಎಂದು ಮತ್ತೆ ಮತ್ತೆ ಕೇಳಿದಳು. ಫೋನಿನಲ್ಲಿ ಏನೂ ಕೆಟ್ಟಿರಲಿಲ್ಲ. "ನನ್ನ ನಂಬರ್ ಹಾಕಿದ್ರೆ ಸಾಕು" ಎಂದು ಮಗ ಅಂದು ಮಾಡಿದ ಸಹಾಯದ ಫಲ ಅದು.

ಬ್ಯಾರಿಗಳೇ, ನಗಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ನಿಮ್ಮ ಉಮ್ಮನ ಖಾತೆಗೆ ಯಾರ ನಂಬರ್ ಇದೆ? ಜುಬೈಲಿನಲ್ಲೋ ದುಬೈಯಲ್ಲೋ ಇರುವ ನಿಮ್ಮ ಹಳೆಯ ಸಿಮ್ ಇರಬೇಕು. ಪೇಮೆಂಟ್ ಆ್ಯಪ್‌ನ ಪಿನ್ ಹಾಕಿದ್ದು ಯಾರು? ನೀವೇ, ನಿಮ್ಮ ಹುಟ್ಟಿದ ಇಸವಿ. ತನ್ನ ಪಿನ್ ತಾನು ಒಂದು ಸಲವೂ ಒತ್ತದ ಹೆಂಗಸಿಗೆ, ದುಡ್ಡು ಹೋಗಲು ಮಾತ್ರ ಪಿನ್ ಬೇಕು, ದುಡ್ಡು ಬರಲು ಬೇಡ ಎಂಬ ಒಂದು ಸಂಗತಿ ಗೊತ್ತಾಗುವುದು ಹೇಗೆ? "ನಿಮಗೆ ದುಡ್ಡು ಬಂದಿದೆ, ಪಿನ್ ಒತ್ತಿ" ಎನ್ನುವ ಕಳ್ಳ ಕಾಯುವುದು ಇಂಥವರನ್ನೇ. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನಾದರೂ ಅವರ ಕೈಯಿಂದಲೇ ಸೇವ್ ಮಾಡಿಸಿದ್ದೀರಾ?

ನನ್ನ ಕಥೆ ಕೇಳಿ. ಊರಲ್ಲಿ ಉಮ್ಮನ ಫೋನ್ ಹ್ಯಾಂಗ್ ಆಗುತ್ತಿತ್ತು. ರಜೆಗೆ ಹೋದವನು, ಉಮ್ಮ ಅಸರ್ ನಮಾಝ್‌ಗೆ ಎದ್ದು ಹೋದ ಹೊತ್ತಿಗೆ, ಬಟನ್ ಒತ್ತಿ ಹಿಡಿದು ರಿಸೆಟ್ ಮಾಡಿಬಿಟ್ಟೆ. ಕೇಳಲೇ ಇಲ್ಲ. ವಾಟ್ಸ್ಆ್ಯಪ್ ಬ್ಯಾಕಪ್ ಇರಲಿಲ್ಲ. ಫೋನ್ ತೆರೆದುಕೊಂಡದ್ದೇ ಹಳೆಯ ಗೂಗಲ್ ಖಾತೆ ಕೇಳಿತು. ಖಾತೆ ಮಾಡಿದವನು ನಾನೇ, ಪಾಸ್‌ವರ್ಡ್ ಬರೆದಿಟ್ಟಿರಲಿಲ್ಲ, ಅದಕ್ಕೆ ಕೊಟ್ಟಿದ್ದ ನಂಬರೂ ನಾನು ಬಿಟ್ಟ ಸಿಮ್. ಫೋನ್ ಕಲ್ಲಾಯಿತು. ಅದೂ ಹೋಗಲಿ. ಉಪ್ಪ ಉಮರ್ಗಾದಿಂದ ಉಮ್ಮನಿಗೆ ಬ್ಯಾರಿಯಲ್ಲಿ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ಅದರಲ್ಲಿದ್ದವು. ಅವರು ತೀರಿಕೊಂಡ ಮೇಲೆ ಉಮ್ಮ ರಾತ್ರಿ ಅದನ್ನು ಹಾಕಿ ಕೇಳುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. "ಸಾರ ಇಲ್ಲ ಮೋನೆ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

"ಅವರ ತಲೆಗೆ ಹೋಗುವುದಿಲ್ಲ" ಅನ್ನುವವರಿಗೆ ಒಂದು ಮಾತು. ನನ್ನ ಉಪ್ಪ ಅರ್ಧ ಪೇಟೆಯ ಉದ್ರಿ ಲೆಕ್ಕವನ್ನು ಬಾಯಲ್ಲಿ ಇಟ್ಟವರು. ನಿಮ್ಮ ಉಮ್ಮ ಯಾಸೀನ್ ಪೂರ್ತಿ ಬಾಯಿಪಾಠ ಓದುತ್ತಾರೆ, ನೈಚೋರಿಗೆ ನೀರು ಕಣ್ಣಳತೆಯಲ್ಲಿ ಹಾಕುತ್ತಾರೆ. ಅವರ ತಲೆಗೆ ನಾಲ್ಕು ಅಂಕಿ ಹೋಗುವುದಿಲ್ಲವೇ? ಹೋಗದಿರುವುದು ನಮ್ಮ ವೇಗ ಮತ್ತು ನಮ್ಮ ಮುಖದ ಮೇಲಿನ ಬೇಸರ. ಎರಡನೆಯ ಸಲ ಕೇಳಿದರೆ ನಾವು ನಿಟ್ಟುಸಿರು ಬಿಡುತ್ತೇವೆ. ಮೂರನೆಯ ಸಲ ಅವರು ಕೇಳುವುದೇ ಇಲ್ಲ. ಕೇಳದೆ ಇದ್ದುದಕ್ಕೆ "ಕಲಿಯಲಿಲ್ಲ" ಎಂದು ಹೆಸರು.

"ಟೈಮ್ ಇಲ್ಲ" ಎನ್ನುವವರ ಮಾತು ನಿಜ. ನನಗೂ ಇಲ್ಲ. ಮೊನ್ನೆ ಉಮ್ಮ ಫೋನ್ ಮಾಡಿದರು. ಹೊಸ ಫೋನಿನಲ್ಲಿ ಜಾಗ ತುಂಬಿದೆಯಂತೆ. ಇದರ ಪಿನ್ ಅವರೇ ಹಾಕಿಕೊಂಡದ್ದು, ಪಾಸ್‌ವರ್ಡ್ ಬರೆದ ಚೀಟಿ ಅವರ ಕಪಾಟಿನಲ್ಲಿದೆ. ಹಸಿರು ಚಿತ್ರ ಒತ್ತಿ, ಮೇಲೆ ಮೂರು ಚುಕ್ಕಿ ಕಾಣ್ತದಾ ಎಂದು ಶುರು ಮಾಡಿದೆ. ಎರಡು ಸಲ ಕಾಲ್ ಕಟ್ಟಾಯಿತು, ಒಂದು ಸಲ ಅವರೇ ತಪ್ಪಿ ತಂಗಿಗೆ ಫೋನ್ ಹಚ್ಚಿದರು. ನಲವತ್ತು ನಿಮಿಷ ಹಿಡಿಯಿತು. ಗಲ್ಲಾದ ಮುಂದೆ ಗಿರಾಕಿಗಳು ನಿಂತಿದ್ದರು. ನಿಂತುಕೊಳ್ಳಲಿ ಅಂದೆ.