ಕಾಮರ್ಸ್‌ನವರಿಗೆ ಗ್ಯಾಲಕ್ಸಿ ಯಾಕೆ?

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಉಪನ್ಯಾಸ ಇತ್ತು. ಸೂಚನೆ ಬಂದದ್ದು ವಿಜ್ಞಾನ ವಿಭಾಗಕ್ಕೆ ಮಾತ್ರ. ನಾನೂ ಬರಬಹುದೇ ಎಂದು ಕೇಳಿದಾಗ, "ಕಾಮರ್ಸ್‌ನವರಿಗೆ ಅದೆಲ್ಲ ಯಾಕೆ?" ಎಂಬ ಉತ್ತರ ಸಿಕ್ಕಿತು. ಬೇಸರವಾಯಿತು. ಆ ವಿಷಯವನ್ನು ನಾನೇ ಹುಡುಕಿ ಓದಿದೆ. ನೋಡಿದರೆ ಅದು ಪೂರ್ತಿ ಸ್ಟಾಕ್ ಲೆಕ್ಕ!

ನಕ್ಷತ್ರ ಹುಟ್ಟಲು ಕಚ್ಚಾ ಮಾಲು ತಣ್ಣನೆಯ ಹೈಡ್ರೋಜನ್. ಅದರ ಒಂಟಿ ಪರಮಾಣುಗಳು ಜೋಡಿಯಾಗಿ ಅಣುಗಳಾಗುತ್ತವೆ. ಆ ಅಣುಗಳ ದಟ್ಟ ಮೋಡ ಕುಸಿದು ನಕ್ಷತ್ರಗಳಾಗುತ್ತವೆ. ನಮ್ಮ ಮನೆಯ ಉರ್ದುವಿನಲ್ಲಿ ಗ್ಯಾಲಕ್ಸಿಗೆ ಕಹ್ಕಶಾಂ ಎನ್ನುತ್ತೇವೆ. ಒಂದು ಕಹ್ಕಶಾಂ ಇನ್ನೆಷ್ಟು ಕಾಲ ನಕ್ಷತ್ರ ಹೆರಬಲ್ಲದು ಎಂದು ತಿಳಿಯಲು ಅದರ ಗೋದಾಮಿನಲ್ಲಿರುವ ಅನಿಲ ಎಷ್ಟೆಂದು ಗೊತ್ತಾಗಬೇಕು. ಆದರೆ ತಣ್ಣಗಿರುವ ಹೈಡ್ರೋಜನ್ ಅಣು ಸಂಕೇತವನ್ನೇ ಕಳಿಸುವುದಿಲ್ಲ ಎನ್ನಬಹುದು. ಅದಕ್ಕೆ ವಿಜ್ಞಾನಿಗಳು ಅದರ ಜೊತೆ ಸ್ವಲ್ಪವೇ ಇರುವ ಕಾರ್ಬನ್ ಮೊನಾಕ್ಸೈಡ್‌ನ ರೇಡಿಯೊ ಅಲೆ ಹಿಡಿದು ಅಂದಾಜು ಕಟ್ಟುತ್ತಾರೆ.

ಅಬ್ಬಾ ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟಿನ ಲೆಕ್ಕ ಬರೆಯುತ್ತಾರೆ. ಬಂದರಿಗೆ ಹೋಗದೆಯೇ, ಲಾರಿಗಳಿಗೆ ಹೋದ ಐಸ್ ನೋಡಿ ಆ ದಿನದ ಮೀನು ಎಷ್ಟಿರಬಹುದೆಂದು ಹೇಳುತ್ತಾರೆ. ಬಂಗುಡೆಗೆ ಐಸ್ ಬೇಕು. ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುವ ಮೀನಿಗೆ ಅಷ್ಟು ಬೇಡ, ಆ ದಿನ ಅಂದಾಜು ತಪ್ಪುತ್ತದೆ. ದೂರದ ಚಿಕ್ಕ, ಮಸುಕಾದ ಗ್ಯಾಲಕ್ಸಿಗಳಲ್ಲೂ ಇದೇ ಕಥೆ. ಅಲ್ಲಿ ಕಾರ್ಬನ್, ಆಮ್ಲಜನಕ ಕಡಿಮೆ. ಅನಿಲ ಇದ್ದರೂ ಗುರುತು ಸಿಗುವುದು ಕಷ್ಟ.

ಒಂಟಿ ಪರಮಾಣುಗಳ ಲೆಕ್ಕ ಬೇರೆ. ಅವು 21 ಸೆಂಟಿಮೀಟರ್ ಅಲೆಯಲ್ಲಿ ತಾವೇ ಸಂಕೇತ ಕಳಿಸುತ್ತವೆ, ಆದರೆ ಬಹಳ ಕ್ಷೀಣವಾಗಿ. 2020ರಲ್ಲಿ ಪುಣೆಯ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕದಿಂದ 7,653 ಗ್ಯಾಲಕ್ಸಿಗಳ ಸಂಕೇತಗಳ ಸರಾಸರಿ ತೆಗೆದರು. ನಾವು ಸ್ಟಾಟಿಸ್ಟಿಕ್ಸ್‌ನಲ್ಲಿ ಕಲಿಯುವ ಅದೇ ಸರಾಸರಿ! ಸಿಕ್ಕ ಉತ್ತರ ನೋಡಿ: ಸುಮಾರು 800 ಕೋಟಿ ವರ್ಷಗಳ ಹಿಂದೆ ಆ ಗ್ಯಾಲಕ್ಸಿಗಳ ಬಳಿ ಇದ್ದ ಮಾಲು, ಅವು ಖರ್ಚು ಮಾಡುತ್ತಿದ್ದ ವೇಗದಲ್ಲಿ, 100ರಿಂದ 200 ಕೋಟಿ ವರ್ಷಕ್ಕಷ್ಟೇ ಸಾಲುತ್ತಿತ್ತು. ಆಮೇಲೆ ವಿಶ್ವದಲ್ಲಿ ನಕ್ಷತ್ರ ಹುಟ್ಟುವುದು ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣವಿರಬಹುದು. ವ್ಯಾಪಾರ ಜೋರು, ಹೊಸ ಸರಕು ಸಾಲದು.

2023ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದಲ್ಲಿದ್ದ ಅರ್ನಬ್ ಚಕ್ರವರ್ತಿ ಅದೇ ದೂರದರ್ಶಕದ ದತ್ತಾಂಶದಲ್ಲಿ 880 ಕೋಟಿ ವರ್ಷ ಹಿಂದೆ ಹೊರಟ ಒಂದೇ ಗ್ಯಾಲಕ್ಸಿಯ ಸಂಕೇತ ಗುರುತಿಸಿದರು. ನಡುವೆ ಇದ್ದ ಇನ್ನೊಂದು ಗ್ಯಾಲಕ್ಸಿ ಭೂತಕನ್ನಡಿಯಂತೆ ಅದನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು.

ಇಷ್ಟು ಅರ್ಥವಾಗಲು ನನಗೆ ಪಿಸಿಎಂಬಿ ಬೇಕಾಗಲಿಲ್ಲ. ಮುಂದಿನ ಉಪನ್ಯಾಸದ ಸೂಚನೆ ಎಲ್ಲ ತರಗತಿಗಳಲ್ಲೂ ಓದಲಿ ಎಂದು ಪ್ರಾಂಶುಪಾಲರಲ್ಲಿ ವಿನಂತಿ. ಜಾಗ ಸಾಲದಿದ್ದರೆ ಹಿಂದೆ ನಿಂತು ಕೇಳುತ್ತೇವೆ. ನನ್ನ ಪ್ರಶ್ನೆಯೂ ಸಿದ್ಧವಿದೆ: ಕಾರ್ಬನ್ ಕಡಿಮೆ ಇರುವ ಗ್ಯಾಲಕ್ಸಿಯಲ್ಲಿ ಅಣು ಹೈಡ್ರೋಜನ್‌ನ ಕ್ಲೋಸಿಂಗ್ ಸ್ಟಾಕ್ ಹೇಗೆ ತೆಗೆಯುತ್ತಾರೆ, ಸರ್?